ಪಾಲಿಹೌಸ್ ಮೇಷ್ಟ್ರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲಿರುವುದರಲ್ಲಿ ಅರ್ಧ ತಪ್ಪು ಆ ಸಿಟ್ಟಿನದು. ಉಳಿದರ್ಧ ಪೂರಾ ನನ್ನದೇ, ಅದನ್ನು ಸಿಟ್ಟಿನ ತಲೆಗೆ ಕಟ್ಟುವ ಹಾಗಿಲ್ಲ.

ಹೆಸರು ರವಿಶಂಕರ್. ದೊಡ್ಡಬಳ್ಳಾಪುರದ ನೇಕಾರರ ಮನೆಯವನು. ಮಗ್ಗ ಬಿಟ್ಟು ಮೇಷ್ಟ್ರಾದೆ. ಆವತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಚೆನ್ನಾಗಿ ಕಲಿಸುತ್ತೇನೆ ಎಂದು ಊರು ಹೇಳುತ್ತಿತ್ತು. ಊರು ಹೇಳುವ ಮೊದಲೇ ನಾನೂ ಹೇಳಿಕೊಳ್ಳುತ್ತಿದ್ದೆ.

ಹತ್ತನೇ ತರಗತಿಗೆ ಹಸಿರುಮನೆ ಪರಿಣಾಮ ಎಂಬ ಪಾಠವಿದೆ. ಭೂಮಿ ಯಾಕೆ ಬೆಚ್ಚಗಿದೆ, ಯಾಕೆ ದಿನೇದಿನೇ ಇನ್ನಷ್ಟು ಬಿಸಿಯಾಗುತ್ತಿದೆ ಎಂಬ ಪಾಠ. ಮೊದಲೆಲ್ಲ ಬೋರ್ಡಿನ ಮೇಲೆ ಒಂದು ಗಾಜಿನ ಮನೆ ಬರೆದು, ನಾಲ್ಕು ಬಾಣ ಎಳೆದು ಮುಗಿಸುತ್ತಿದ್ದೆ. ಆಮೇಲೆ ನಮ್ಮ ಸುತ್ತಲಿನ ರಾಗಿ ಹೊಲಗಳ ನಡುವೆ ಪಾಲಿಹೌಸ್‌ಗಳು ಎದ್ದವು. ನನ್ನ ಹಳೇ ಶಿಷ್ಯ ಕೆಂಪರಾಜ್ ಶಾಲೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಎಕರೆಗೆ ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಹಾಕಿದ. ಕಣ್ಣೆದುರಿಗೇ ಹಸಿರುಮನೆ ಇರುವಾಗ ಬೋರ್ಡು ಯಾಕೆ? ಅಂದಿನಿಂದ ಒಂಬತ್ತು ವರ್ಷ, ಪ್ರತಿ ಡಿಸೆಂಬರಿನಲ್ಲಿ ಮಕ್ಕಳನ್ನು ಸಾಲಾಗಿ ಅಲ್ಲಿಗೆ ನಡೆಸಿಕೊಂಡು ಹೋದೆ.

ಪಾಲಿಹೌಸಿಗೆ ಮೇಲೆ ಪ್ಲಾಸ್ಟಿಕ್ಕಿನ ಚಾವಣಿ ಇರುತ್ತದೆ, ಅದು ಕದಲುವುದಿಲ್ಲ. ಬದಿಗಳಲ್ಲಿ ಮಾತ್ರ ಸುತ್ತುವ ಪರದೆಗಳು. ಕಬ್ಬಿಣದ ಹ್ಯಾಂಡಲ್ ತಿರುಗಿಸಿದರೆ ಪರದೆ ಏಳುತ್ತದೆ, ಇಳಿಯುತ್ತದೆ. ಬಿಸಿಲೇರಿದ ಮೇಲೆ ಯಾರೂ ಪರದೆ ಇಳಿಸುವುದಿಲ್ಲ, ಒಳಗೆ ಕೆಲಸ ಮಾಡುವವರು ಬೆಂದುಹೋಗುತ್ತಾರೆ. ನಾನು ಇಳಿಸುತ್ತಿದ್ದೆ. ಅಂದರೆ, ಕೆಂಪರಾಜನಿಗೆ ಹಿಂದಿನ ದಿನ ಫೋನ್ ಮಾಡಿ ಇಳಿಸಲು ಹೇಳುತ್ತಿದ್ದೆ. ಹನ್ನೆರಡು ಗಂಟೆಗೆ ಮಕ್ಕಳು ಒಳಗೆ, ಪರದೆ ಕೆಳಗೆ. ಇಪ್ಪತ್ತು ನಿಮಿಷದಲ್ಲಿ ಥರ್ಮಾಮೀಟರ್ ಮೂವತ್ತರಿಂದ ನಲವತ್ತೆರಡಕ್ಕೆ ಹತ್ತುತ್ತಿತ್ತು. ಮಕ್ಕಳ ಬೆನ್ನಿಗೆ ಯೂನಿಫಾರಂ ಅಂಟಿಕೊಳ್ಳುವ ಹೊತ್ತಿಗೆ ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದೆ:

“ನೋಡ್ರಪ್ಪಾ, ಬೆಳಕು ಒಳಗೆ ಬಂತು. ಬಿಸಿ ಆಚೆ ಹೋಗೋಕೆ ಪ್ಲಾಸ್ಟಿಕ್ ಬಿಡ್ಲಿಲ್ಲ. ಭೂಮೀನೂ ಒಂದು ಪಾಲಿಹೌಸು. ಕಾರ್ಬನ್ ಡೈಆಕ್ಸೈಡೇ ಅದರ ಪ್ಲಾಸ್ಟಿಕ್ಕು!”

ಈ ಪಾಠವನ್ನು ಶಿಕ್ಷಕರ ತರಬೇತಿಯಲ್ಲಿ ಹೇಳಿ ಶಾಲು ಹೊದಿಸಿಕೊಂಡೆ. ತಾಲ್ಲೂಕಿನ ಮೇಷ್ಟ್ರುಗಳೆಲ್ಲ ನನ್ನನ್ನು ಪಾಲಿಹೌಸ್ ಮೇಷ್ಟ್ರು ಎಂದು ಕರೆಯತೊಡಗಿದರು. ಆ ಹೆಸರು ಕೇಳಿದಾಗ ಒಳಗೊಳಗೇ ಹಿಗ್ಗುತ್ತಿದ್ದೆ. ಆ ಇಪ್ಪತ್ತು ನಿಮಿಷವೂ ಅದೇ ಪರದೆಯೊಳಗೆ ಐದಾರು ಹೆಂಗಸರು ಕತ್ತರಿ ಹಿಡಿದು ಕೆಲಸ ಮಾಡುತ್ತಿದ್ದರು ಎಂಬುದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಲೆಕ್ಕಕ್ಕೆ ಬರಲಿಲ್ಲ.

ಹೋದ ಡಿಸೆಂಬರಿನಲ್ಲಿಯೂ ಹಾಗೇ ಹೋದೆವು. ಪಾಠ ಮುಗಿಸಿ, ಇನ್ನೇನು ಮಕ್ಕಳ ಮುಖದಲ್ಲಿ ಬೆರಗು ನೋಡಬೇಕು, ಅಷ್ಟರಲ್ಲಿ ಸಿಂಚನ ಕೈ ಎತ್ತಿದಳು. ಮೂರನೇ ಬೆಂಚಿನ ಹುಡುಗಿ. ಮಾತು ಕಡಿಮೆ, ಆದರೆ ಕೇಳುವ ಮುಂಚೆ ಪ್ರಶ್ನೆಯನ್ನು ತುಟಿಯೊಳಗೇ ಒಮ್ಮೆ ಹೇಳಿ ನೋಡಿಕೊಳ್ಳುವವಳು.

“ಸಾರ್, ಒಂದ್ ಡೌಟು. ಪ್ಲಾಸ್ಟಿಕ್ಕೇ ಬಿಸೀನ ತಡೆಯೋದು ಅಂದ್ರೆ, ಪರದೆ ಎತ್ತಿದ ತಕ್ಷಣ ಯಾಕೆ ತಣ್ಣಗಾಗುತ್ತೆ? ಮೇಲಿನ ಪ್ಲಾಸ್ಟಿಕ್ಕು ಅಲ್ಲೇ ಇರುತ್ತಲ್ಲ?”

“ಪರದೆ ಎತ್ತಿದ್ರೆ ಬಿಸಿ ಗಾಳಿ ಆಚೆ ಹೋಗುತ್ತಮ್ಮ.”

“ಅದೇ ಸಾರ್. ಇಲ್ಲಿ ಬಿಸಿ ಆಗೋದು ಗಾಳಿ ಸಿಕ್ಕಾಕೊಳ್ಳೋದ್ರಿಂದ. ಭೂಮಿಗೆ ಪರದೆ ಎಲ್ಲಿದೆ? ಅದರಾಚೆ ಗಾಳೀನೇ ಇಲ್ವಲ್ಲ. ಅದು ಬೇರೆ ಥರ ಬಿಸಿ ಆಗ್ಬೇಕು ಅಲ್ವಾ?”

ಮೂವತ್ತನಾಲ್ಕು ಮಕ್ಕಳು ನನ್ನ ಮುಖ ನೋಡಿದರು. ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಶಾಲು ಹೊದ್ದವನ ಬಾಯಿಂದ ಆ ಮಾತು ಹೊರಡುವುದು ಕಷ್ಟ. ಅದರ ಬದಲು ಹೊರಟದ್ದು ಇದು:

“ನೋಡ್ರಪ್ಪಾ, ಹೂ ಕೊಯ್ಯೋರ ಮನೇಲಿ ವಿಜ್ಞಾನಿ ಹುಟ್ಟವ್ಳೆ! ನಿಮ್ಮಮ್ಮ ಬಕೆಟ್ ಹೊರೋದು ನೋಡಿ ಕಲ್ತ್ಯಾ ಇದನ್ನ? ಪುಸ್ತಕ ನೋಡಿ ಕಲಿ. ಕೂತ್ಕೋ.”

ಮಕ್ಕಳು ನಕ್ಕರು. ಮೇಷ್ಟ್ರು ಗೇಲಿ ಮಾಡಿದರೆ ನಗದೆ ಏನು ಮಾಡುತ್ತಾರೆ? ಕೂತ್ಕೋ ಎಂದೆನೇ ಹೊರತು ಅಲ್ಲಿ ಕೂರಲು ಜಾಗವೇ ಇರಲಿಲ್ಲ. ಅವಳು ತಲೆ ತಗ್ಗಿಸಿ ನಿಂತೇ ಇದ್ದಳು. ಅವಳ ತಾಯಿ ಅಮ್ಮಯಮ್ಮ ನಾಲ್ಕು ಮಾರು ದೂರದ ಸಾಲಿನಲ್ಲಿ ಗುಲಾಬಿ ಕತ್ತರಿಸಿ ನೀರಿನ ಬಕೆಟ್ಟಿಗೆ ಹಾಕುತ್ತಿದ್ದಳು. ಅವಳು ಅಲ್ಲಿದ್ದದ್ದು ನನಗೆ ಗೊತ್ತಿತ್ತು. ಕತ್ತರಿಯ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಆಮೇಲೆ ಅಮ್ಮಯಮ್ಮ ಸಾಲಿನಿಂದ ಈಚೆ ಬಂದು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿದಳು. “ಸಾ, ಪರದೆ ಎತ್ತಬೋದಾ?”

“ಇನ್ನೈದ್ ನಿಮಿಷ ಇರಮ್ಮ” ಎಂದೆ.

ಮನೆಗೆ ಬಂದು ಇದನ್ನು ಹೆಂಡತಿ ವಾಣಿಗೆ ತಮಾಷೆಯ ಹಾಗೆ ಹೇಳಿದೆ. ನಮ್ಮ ಮನೆಯ ನಾಲ್ಕು ಪವರ್‌ಲೂಮ್‌ಗಳನ್ನು ನಡೆಸುವವಳು ಅವಳೇ. ಒಣಗಾಳಿ ಬೀಸಿದರೆ ಮಗ್ಗದ ಹಾಸುನೂಲಿನ ಎಳೆ ಕಡಿಯುತ್ತದೆಂದು ಶೆಡ್ಡಿನ ಕಿಟಕಿಗಳನ್ನು ಮುಚ್ಚಿಕೊಂಡೇ ನೇಯುತ್ತಾರೆ. ಅವಳು ನಗಲಿಲ್ಲ.

“ನಮ್ ಶೆಡ್ಡಿಗೆ ಯಾವ ಪ್ಲಾಸ್ಟಿಕ್ ಹೊದ್ಸಿದೀರಿ? ಕಿಟಕಿ ಮುಚ್ಚಿದ್ರೆ ಬೇಯ್ತೀವಿ, ತೆಗೆದ್ರೆ ಇಲ್ಲ. ಆ ಹುಡ್ಗಿ ಹೇಳಿದ್ರಲ್ಲಿ ತಪ್ಪೇನಿದೆ?”

“ನಿನಗೆ ಅರ್ಥ ಆಗಲ್ಲ ಬಿಡು.”

“ಹೂಂ. ನನಗೂ ಆಗಲ್ಲ, ಆ ಹುಡ್ಗೀಗೂ ಆಗಲ್ಲ. ನಿಮಗೊಬ್ರಿಗೇ ಆಗೋದು” ಎಂದು ಎದ್ದು ಶೆಡ್ಡಿಗೆ ಹೋದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಆ ಹುಡುಗಿ ತಪ್ಪು ಎಂದು ತೋರಿಸದಿದ್ದರೆ ನಿದ್ದೆ ಬರುವುದಿಲ್ಲ ಅನ್ನಿಸಿತು. ಒಂದು ಉಪಾಯ ಹೊಳೆಯಿತು. ಪ್ಲಾಸ್ಟಿಕ್ ಬಿಸಿಯನ್ನು ಹಿಡಿದಿಡುವುದು ನಿಜವಾದರೆ, ಪರದೆ ಮುಚ್ಚಿಟ್ಟ ಪಾಲಿಹೌಸಿನೊಳಗೆ ಬೆಳಗಿನ ಜಾವವೂ ಹೊರಗಿಗಿಂತ ಬೆಚ್ಚಗಿರಬೇಕು. ಚಳಿಗಾಲದಲ್ಲಿ ಪರದೆಯನ್ನು ಸಂಜೆಯೇ ಮುಚ್ಚಿರುತ್ತಾರೆ. ಅಳೆದು, ಅಂಕಿ ಬರೆದು, ಕ್ಲಾಸಿನಲ್ಲಿ ಅವಳ ಮುಂದೆ ಹಿಡಿದುಬಿಡುವುದು.

ಜನವರಿ ಮೊದಲ ವಾರ, ಎರಡು ಥರ್ಮಾಮೀಟರ್ ಜೇಬಿಗೆ ಹಾಕಿಕೊಂಡು, ಮಂಕಿಕ್ಯಾಪ್ ಏರಿಸಿ, ಬೆಳಗ್ಗೆ ಐದೂವರೆಗೆ ಬೈಕ್ ಹತ್ತಿದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಪಾಲಿಹೌಸಿನಲ್ಲಿ ಅಮ್ಮಯಮ್ಮನೂ ಪದ್ಮಶ್ರೀ ಎಂಬ ಇನ್ನೊಬ್ಬ ಹೆಂಗಸೂ ಸ್ವೆಟರ್ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಆಗಲೇ ಹೂ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಅಮ್ಮಯಮ್ಮ ಎಂದಿನಂತೆ ನಮಸ್ಕಾರ ಸಾ ಎಂದಳು. ಒಂದು ಥರ್ಮಾಮೀಟರನ್ನು ಹೊರಗಿನ ಕಂಬಕ್ಕೆ, ಇನ್ನೊಂದನ್ನು ಒಳಗಿನ ಕಂಬಕ್ಕೆ ಕಟ್ಟಿ ಕಾಲು ಗಂಟೆ ಕಾದೆ.

ಹೊರಗೆ ಹದಿಮೂರು. ಒಳಗೆ ಹನ್ನೆರಡು.

“ಒಳಗೇ ಜಾಸ್ತಿ ಚಳಿ ಸಾ” ಎಂದಳು ಅಮ್ಮಯಮ್ಮ, ನಾನು ಕೇಳದಿದ್ದರೂ. “ಆಕಾಶ ಹಿಂಗೆ ಬಯಲಾಗಿದ್ರೆ ಪರದೆ ಮುಚ್ಚಿದ್ರೂ ಅಷ್ಟೇಯ, ಒಳಗೆ ಕೈಯೇ ಆಡಾಕಿಲ್ಲ. ಅದೇ ಮೋಡ ಇದ್ರೆ ಚಳೀನೇ ಇರಾಕಿಲ್ಲ. ಅವತ್ತು ಮೊಗ್ಗು ಬ್ಯಾಗ ಬಿಚ್ಕಂಬುಡ್ತವೆ. ಸಂಜೆ ಮೋಡ ಕಂಡ್ರೆ ಬೆಳಗ್ಗೆ ನಾವು ಅರ್ಧ ಗಂಟೆ ಮುಂಚೇನೇ ಬತ್ತೀವಿ.”

“ಥರ್ಮಾಮೀಟರ್ ಸರಿ ಇಲ್ಲ” ಎಂದೆ.

ಅವಳು ಕತ್ತರಿಯನ್ನು ಬಕೆಟ್ಟಿನ ಅಂಚಿಗೆ ಸಿಕ್ಕಿಸಿದಳು. “ಹಂಗಾರೆ ಅದ್ಲು ಬದ್ಲು ಮಾಡಿ ನೋಡನ್ವಾ ಸಾ? ಇದನ್ನ ಆಚೆ, ಅದನ್ನ ಒಳಕ್ಕೆ.”

ನಾನು ಹೂಂ ಎನ್ನುವ ಮೊದಲೇ ಎರಡನ್ನೂ ಬಿಚ್ಚಿ ಬದಲಿಸಿ ಕಟ್ಟಿದಳು. ಕ್ಲಾಸಿನಲ್ಲಿ ನಾನು ಬಾಯಿಪಾಠ ಮಾಡಿಸುವ ವಿಜ್ಞಾನದ ವಿಧಾನ ಎಂದರೆ ಇದೇ. ಅದು ನನಗೆ ಹೊಳೆದಿರಲಿಲ್ಲ, ಹೂ ಕೊಯ್ಯುವವಳಿಗೆ ಹೊಳೆದಿತ್ತು. ಮತ್ತೆ ಕಾಲು ಗಂಟೆ ಕಾದೆವು. ಹೊರಗೆ ಹದಿಮೂರು, ಒಳಗೆ ಹನ್ನೆರಡು.

“ಎರಡೂ ಸರಿ ಇಲ್ಲ” ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ನಾನು ಸೋಲು ಒಪ್ಪುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ನನ್ನ ಮುಖ ನೋಡಿದಳು, ಆದರೆ ನನ್ನನ್ನು ಎದುರಿಸಲಿಲ್ಲ. “ಇರ್ಬೋದು ಸಾ” ಎಂದು ಬಕೆಟ್ ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, “ಸಿಂಚನ ಹೆಂಗ್ ಓದ್ತಾವ್ಳೆ ಸಾ? ಮೊದ್ಲು ಮನೇಗ್ ಬಂದ್ರೆ ಅದ್ಯಾಕೆ ಇದ್ಯಾಕೆ ಅಂತ ತಲೆ ತಿನ್ನೋಳು. ಈಚೀಚೆಗೆ ಏನೂ ಕೇಳಾಕಿಲ್ಲ” ಎಂದಳು.

ಚೆನ್ನಾಗಿ ಓದ್ತಾಳೆ ಎಂದು ಹೇಳಿ ಬೈಕ್ ಹತ್ತಿದೆ.

ನಾಲ್ಕು ದಿನದ ಮೇಲೆ ಮೋಡ ಕವಿಯಿತು. ಮರುದಿನ ಅದೇ ಹೊತ್ತಿಗೆ ನಮ್ಮ ಮನೆಯ ತಾರಸಿ ಹತ್ತಿ ಅವೇ ಎರಡು ಥರ್ಮಾಮೀಟರ್ ನೋಡಿದೆ. ಎರಡೂ ಹತ್ತೊಂಬತ್ತು ತೋರಿಸಿದವು. ಸೂರ್ಯ ಹುಟ್ಟಿರಲಿಲ್ಲ, ಗಾಳಿ ಇರಲಿಲ್ಲ, ಪ್ಲಾಸ್ಟಿಕ್ಕಂತೂ ಇರಲೇ ಇಲ್ಲ. ತಲೆಯ ಮೇಲೆ ಮೋಡ ಮಾತ್ರ ಇತ್ತು. ಅಮ್ಮಯಮ್ಮ ಹೇಳಿದ್ದು ಅದನ್ನೇ.

ಅವತ್ತು ರಜೆ ಹಾಕಿ ಕೂತು ಓದಿದೆ. ಬಿ.ಎಸ್ಸಿ. ಪುಸ್ತಕಗಳ ಧೂಳು ಕೊಡವಿದೆ. ವಿಷಯ ಸರಳವಾಗಿತ್ತು, ಅದೇ ನಾಚಿಕೆ. ಪಾಲಿಹೌಸ್ ಹಗಲು ಬಿಸಿಯಾಗುವುದು ಕಾದ ಗಾಳಿ ಮೇಲೆದ್ದು ಹೋಗಲು ದಾರಿ ಇಲ್ಲದೆ. ಭೂಮಿಯ ಕಥೆ ಬೇರೆ. ಅದರ ಸುತ್ತ ಬರೀ ಶೂನ್ಯ, ಬಿಸಿ ಗಾಳಿ ಅದರಾಚೆಗೆ ಹೋಗುವ ಮಾತೇ ಇಲ್ಲ. ಬಿಸಿಲಿಗೆ ಕಾದ ನೆಲ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಕಿರಣವಾಗಿ ಆಕಾಶಕ್ಕೆ ಬಿಡುತ್ತದೆ, ಇಡೀ ಭೂಮಿ ತಣ್ಣಗಾಗಲು ಅದೊಂದೇ ದಾರಿ. ಗಾಳಿಯಲ್ಲಿರುವ ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್‌ಗಳು ಆ ಕಿರಣವನ್ನು ಹೀರಿಕೊಂಡು, ತಾವೂ ಕಿರಣ ಬಿಡುತ್ತವೆ. ಒಂದಿಷ್ಟು ಮೇಲಕ್ಕೆ, ಒಂದಿಷ್ಟು ತಿರುಗಿ ನೆಲಕ್ಕೆ. ಹಾಗೆ ತಿರುಗಿ ಬಂದ ಬಿಸಿಯಿಂದಲೇ ಭೂಮಿ ಹೆಪ್ಪುಗಟ್ಟದೆ ಉಳಿದಿದೆ. ಮೋಡವೂ ಅದೇ ಕೆಲಸ ಮಾಡುತ್ತದೆ. ಮೋಡವಿದ್ದ ರಾತ್ರಿ ಬೆಚ್ಚಗಿರುವುದೂ ಇದರಿಂದಲೇ, ಆಕಾಶ ಬಯಲಾದ ರಾತ್ರಿ ಬಿಸಿಯೆಲ್ಲ ಹೆಚ್ಚು ತಡೆಯಿಲ್ಲದೆ ಹೊರಟುಹೋಗುವುದೂ ಇದರಿಂದಲೇ. ಪಾಲಿಹೌಸಿನ ತೆಳು ಪ್ಲಾಸ್ಟಿಕ್ ಆ ಕಿರಣವನ್ನು ಅಷ್ಟೇನೂ ತಡೆಯುವುದಿಲ್ಲ. ಪರದೆ ಮುಚ್ಚಿದ್ದರೆ ಹೊರಗಿನ ಗಾಳಿಯೂ ಬಂದು ಬೆರೆಯುವುದಿಲ್ಲ, ಅದಕ್ಕೇ ಒಳಗೆ ಒಂದು ಡಿಗ್ರಿ ಕಡಿಮೆ. ನಾವು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಆ ಅನಿಲವನ್ನು ಹೆಚ್ಚಿಸುತ್ತ ಹೋದಷ್ಟೂ ತಿರುಗಿ ಬರುವ ಬಿಸಿ ಹೆಚ್ಚುತ್ತದೆ. ಭೂಮಿಗೆ ಸೆಕೆಯಾಯಿತೆಂದು ಎತ್ತಲು ಯಾವ ಪರದೆಯೂ ಇಲ್ಲ.

ಭೂಮಿಗೆ ಪರದೆ ಎಲ್ಲಿದೆ ಸಾರ್ ಎಂದು ಅವಳು ಕೇಳಿದ್ದಳಲ್ಲ. ಇಡೀ ಪಾಠ ಅಷ್ಟೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಒಂಬತ್ತು ವರ್ಷ ನಾನೇ ಪರದೆ ಇಳಿಸಿ ಬಿಸಿ ಮಾಡಿಸಿ, ನಾನೇ ಎತ್ತಿಸಿ ತಣ್ಣಗೆ ಮಾಡಿಸಿ, ಪ್ಲಾಸ್ಟಿಕ್ಕಿನ ಮಹಿಮೆ ಎಂದು ಹೇಳಿದ್ದೆ.

ಮರುದಿನವೇ ಕ್ಲಾಸಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಪರೀಕ್ಷೆ ಹತ್ತಿರ ಬಂತು, ಮಕ್ಕಳಿಗೆ ಗೊಂದಲ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆದರಿದ್ದು ಮಕ್ಕಳ ಗೊಂದಲಕ್ಕಲ್ಲ, ನನ್ನ ಹೆಸರಿಗೆ. ಸಿಂಚನ ದಿನವೂ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಕೈ ಎತ್ತುತ್ತಿರಲಿಲ್ಲ. ನಾನು ಅವಳ ಬೆಂಚಿನ ಕಡೆ ನೋಡದೆ ಪಾಠ ಮಾಡುವುದನ್ನು ರೂಢಿ ಮಾಡಿಕೊಂಡೆ.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಹಸಿರುಮನೆ ಪರಿಣಾಮವನ್ನು ಚಿತ್ರದೊಂದಿಗೆ ವಿವರಿಸಿ, ನಾಲ್ಕು ಅಂಕ. ಪ್ರಶ್ನೆ ತೆಗೆದವನೂ ನಾನೇ. ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಸಿಂಚನಳದು ಬಂತು.

‘ಬೆಳಕು ಒಳಗೆ ಬರುತ್ತದೆ. ಬಿಸಿ ಆಚೆ ಹೋಗಲು ಪ್ಲಾಸ್ಟಿಕ್ ಬಿಡುವುದಿಲ್ಲ. ಭೂಮಿಯೂ ಒಂದು ಪಾಲಿಹೌಸ್.’

ನನ್ನದೇ ಮಾತು, ಅಕ್ಷರ ತಪ್ಪದೆ. ತಪ್ಪೆಂದು ಗೊತ್ತಿದ್ದವಳು ಕ್ಲಾಸಿನಲ್ಲಿ ಅವಳೊಬ್ಬಳೇ. ಗೊತ್ತಿದ್ದೂ ಬರೆದಿದ್ದಳು, ಮಾರ್ಕ್ಸ್ ಸಿಗುವುದು ಅದಕ್ಕೇ ಎಂದು ನಾನು ಕಲಿಸಿದ್ದೆ. ಕೆಳಗೆ ಚಿತ್ರವಿತ್ತು. ಮಿಕ್ಕ ಮಕ್ಕಳೆಲ್ಲ ಪಾಲಿಹೌಸಿನೊಳಗೆ ಒಂದು ಗಿಡ ಬರೆದಿದ್ದರು. ಅವಳು ಪರದೆಗಳನ್ನು ನೆಲದವರೆಗೂ ಇಳಿಸಿ, ಒಳಗೆ ಬಕೆಟ್ ಹಿಡಿದ ಒಬ್ಬ ಹೆಂಗಸನ್ನು ಬರೆದಿದ್ದಳು. ಹೆಂಗಸಿನ ಕಡೆಗೆ ಬಾಣದ ಗುರುತು ಹಾಕಿದ್ದಳು, ಹೆಸರು ಮಾತ್ರ ಬರೆದಿರಲಿಲ್ಲ.

ಕೆಂಪು ಪೆನ್ನು ಹಿಡಿದೆ. ನಾಲ್ಕು ಕೊಟ್ಟರೆ ಸುಳ್ಳಿಗೆ ಕೊಟ್ಟ ಹಾಗೆ. ಸೊನ್ನೆ ಕೊಟ್ಟರೆ ನನ್ನ ತಪ್ಪಿಗೆ ಮತ್ತೆ ಅವಳಿಗೇ ಶಿಕ್ಷೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಯಾವ ಅಂಕವನ್ನೂ ಹಾಕದೆ ಪತ್ರಿಕೆ ಮಡಚಿಟ್ಟೆ.

ಮರುದಿನ ಬೆಳಗ್ಗೆ ಎರಡನೇ ಪೀರಿಯಡ್ಡಿನಲ್ಲಿ ಸೀಮೆಸುಣ್ಣ ಹಿಡಿದು ನಿಂತೆ. ಬೋರ್ಡಿನ ಮೇಲೆ ನೆಲ, ಆಕಾಶ, ಮೋಡ ಬರೆದೆ. ಒಂಬತ್ತು ವರ್ಷದಿಂದ ತಪ್ಪು ಪಾಠ ಹೇಳಿದ್ದೇನೆ ಎಂದು ಹೇಳಿ, ಸರಿಯಾದದ್ದನ್ನು ಮೊದಲಿನಿಂದ ವಿವರಿಸಿದೆ. ಥರ್ಮಾಮೀಟರಿನ ಅಂಕಿ ಹೇಳಿದೆ. ಮೋಡ ಮತ್ತು ಮೊಗ್ಗಿನ ವಿಷಯ ಹೇಳಿದೆ.

ಮುಂದಿನ ಬೆಂಚಿನ ಚೈತ್ರ ಕೇಳಿದಳು. “ಹಂಗಾದ್ರೆ ಅವತ್ತು ಸಿಂಚನ ಹೇಳಿದ್ದೇ ಸರಿನಾ ಸಾರ್?”

“ಹೌದು. ಅವಳು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು.”

ಹೇಳಿದ ಮೇಲೆ ಎದೆ ಹಗುರಾಯಿತು. ಹಗುರಾಯಿತೆಂದು ಒಳಗೊಳಗೇ ಸಣ್ಣ ಹೆಮ್ಮೆಯೂ ಬಂತು, ಎಷ್ಟು ಜನ ಮೇಷ್ಟ್ರು ಹೀಗೆ ಒಪ್ಪಿಕೊಳ್ಳುತ್ತಾರೆ ಎಂದು. ಅಷ್ಟರಲ್ಲಿ ಮೂರನೇ ಬೆಂಚಿನಲ್ಲಿ ಸಿಂಚನ ಎದ್ದು ನಿಂತಳು. ಎರಡು ತಿಂಗಳಲ್ಲಿ ಮೊದಲ ಸಲ. ತುಟಿಯೊಳಗೇ ಒಮ್ಮೆ ಹೇಳಿ ನೋಡಿಕೊಂಡಳು.

“ನಮ್ಮಮ್ಮನ್ನ ಅಂದಿದ್ದು, ಸಾರ್?”

ಪಾಠ ತಿದ್ದಿದ್ದೆ, ಆ ಮಾತನ್ನು ಬಿಟ್ಟಿದ್ದೆ. ಮರೆತದ್ದಲ್ಲ. ತಪ್ಪು ಪಾಠ ಒಪ್ಪಿಕೊಂಡರೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬಹುದು, ಆ ಮಾತು ಒಪ್ಪಿಕೊಂಡರೆ ಸಣ್ಣ ಮನುಷ್ಯ ಎಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಬಿಟ್ಟಿದ್ದೆ.

“ಅದು ಬರೀ ತಪ್ಪಲ್ಲ, ನೀಚ ಮಾತು” ಎಂದೆ. “ನಿನ್ನ ಕ್ಷಮೆ ಕೇಳ್ತೀನಿ ಸಿಂಚನ. ಆದ್ರೆ ಆ ಮಾತನ್ನ ನಾನು ಇಲ್ಲಿ ಆಡಿದ್ದಲ್ಲ, ಅಲ್ಲಿ ಆಡಿದ್ದು. ಏಳಿ ಎಲ್ಲಾ, ಅಲ್ಲಿಗೇ ಹೋಗೋಣ.”

ಹೆಡ್‌ಮೇಷ್ಟ್ರಿಗೆ ಹೇಳಿ ಮಕ್ಕಳನ್ನು ಸಾಲು ಮಾಡಿಸಿದೆ. ಕೆಂಪರಾಜನಿಗೆ ಫೋನ್ ಮಾಡಲಿಲ್ಲ. ಹನ್ನೆರಡರ ಬಿಸಿಲು, ಮಣ್ಣಿನ ದಾರಿ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ನಡೆದೆ. ಸಿಂಚನ ಸಾಲಿನ ಕೊನೆಯಲ್ಲಿದ್ದಳು.

ಪಾಲಿಹೌಸಿನ ಪರದೆಗಳೆಲ್ಲ ಮೇಲೆದ್ದಿದ್ದವು. ಬಾಗಿಲ ಬಳಿ ಬಕೆಟ್ ತೊಳೆಯುತ್ತಿದ್ದ ಅಮ್ಮಯಮ್ಮ ತಲೆ ಎತ್ತಿ ನಮ್ಮ ಸಾಲನ್ನು ನೋಡಿದಳು. ಕೈ ಒರೆಸಿಕೊಂಡು ಒಳಕ್ಕೆ ಕೂಗಿ ಹೇಳಿದಳು:

“ಲೇ ಪದ್ಮಶ್ರೀ, ಮೇಷ್ಟ್ರು ಮಕ್ಕಳ್ನ ಕರ್ಕೊಂಡ್ ಬತ್ತಾವ್ರೆ. ಬಿರ್ ಬಿರ್ನೆ ನೀರು ಕುಡ್ಕೊಂಬುಡ್ರೇ!”

ಆಮೇಲೆ ಹ್ಯಾಂಡಲಿನ ಹತ್ತಿರ ಹೋಗಿ ಪರದೆ ಇಳಿಸತೊಡಗಿದಳು.

ನಾನು ಓಡಿದೆ. ಐವತ್ತರ ಹತ್ತಿರದ ಮೇಷ್ಟ್ರು ಮಕ್ಕಳ ಎದುರಿಗೆ ಹಾಗೆ ಓಡಬಾರದು, ಓಡಿದೆ. “ಬೇಡ, ಬೇಡಮ್ಮ” ಎಂದು ಹ್ಯಾಂಡಲ್ ಹಿಡಿದುಕೊಂಡೆ. ಅವಳಿಗೆ ತಾನೇ ಏನೋ ತಪ್ಪು ಮಾಡಿದೆ ಅನ್ನಿಸಿರಬೇಕು.

“ಇನ್ನೂ ಪೂರ್ತಿ ಇಳ್ದಿಲ್ಲ ಸಾ, ಒಸಿ ತಡ್ಕಳಿ” ಎಂದಳು.

ಪರದೆ ಎತ್ತಬೇಕೆಂದು ಹ್ಯಾಂಡಲನ್ನು ಜೋರಾಗಿ ತಿರುಗಿಸಿದೆ. ಪರದೆ ಇನ್ನಷ್ಟು ಕೆಳಗಿಳಿಯಿತು. ಒಂಬತ್ತು ವರ್ಷದಲ್ಲಿ ಆ ಹ್ಯಾಂಡಲನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ, ಯಾವ ಕಡೆ ತಿರುಗಿಸಿದರೆ ಏಳುತ್ತದೆ ಎಂದೂ ಗೊತ್ತಿರಲಿಲ್ಲ.

“ಈ ಕಡೀಕೆ ಸಾ” ಎಂದು ಅಮ್ಮಯಮ್ಮ ಹ್ಯಾಂಡಲಿನ ತುದಿ ಹಿಡಿದು ತಿರುವು ತೋರಿಸಿದಳು.

ನಾನು ಆ ಕಡೆಗೆ ತಿರುಗಿಸುತ್ತ ಹೋದೆ. ಪರದೆ ಒಂದೊಂದೇ ಗೇಣು ಮೇಲೇರಿತು. ಮೂವತ್ತನಾಲ್ಕು ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು, ಸಿಂಚನ ಅವರ ನಡುವೆ ಇದ್ದಳು. ಪರದೆ ಪೂರ್ತಿ ಎದ್ದ ಮೇಲೆ, ಹ್ಯಾಂಡಲ್ ಬಿಡದೆಯೇ, ಅವತ್ತು ಇದೇ ಜಾಗದಲ್ಲಿ ನಾನು ಆಡಿದ ಮಾತನ್ನು ಮೊದಲಿನಿಂದ ಕೊನೆಯವರೆಗೆ ಅಮ್ಮಯಮ್ಮನ ಎದುರಿಗೆ ಮತ್ತೆ ಹೇಳಿದೆ, ಹೇಳಿ ಕ್ಷಮಿಸು ಎಂದೆ. ಈ ಸಲ ಯಾರೂ ನಗಲಿಲ್ಲ.

ಅಮ್ಮಯಮ್ಮ ಪೂರ್ತಿ ಕೇಳಿಸಿಕೊಂಡಳು. “ಅವತ್ತೇ ಕೇಳಿಸ್ಕಂಡಿದ್ದೆ ಸಾ” ಎಂದಳು. ಬಕೆಟ್ ತೆಗೆದುಕೊಂಡು ಸಾಲಿನೊಳಕ್ಕೆ ನಡೆದಳು.